ಕೆಲಸ ಬಿಟ್ಟ ಮೇಲೆ 2 ವರ್ಷ ಬೇರೆ ಜೀನ್ಸ್ ಯೂನಿಟ್ ಸೇರಬಾರದು ಅಂತ ಬರೆಸಿಕೊಂಡಿದ್ದಾರೆ. ಈ ಕರಾರು ನಿಲ್ಲುತ್ತಾ?

ಕೌಲ್‌ಬಜಾರ್ ಕತ್ತರಿ
ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. 11 ವರ್ಷದಿಂದ ಜೀನ್ಸ್ ಕೆಲಸದಲ್ಲಿದ್ದೇನೆ. ಮೊದಲು ಬಟ್ಟೆ ಲೇಯರ್ ಹಾಸುವ ಹುಡುಗ, ಆಮೇಲೆ ಕಟಿಂಗ್, ಈಗ ಪ್ಯಾಟರ್ನ್ ಮಾಸ್ಟರ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ನಮೂನೆ ತೆಗೆಯುವವನು. ಹಿಂದಿನ ಯೂನಿಟ್ ಸೇರುವಾಗ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡರು. ಇಂಗ್ಲಿಷ್‌ನಲ್ಲಿತ್ತು, ಓದಿ ಹೇಳುವವರು ಯಾರೂ ಇರಲಿಲ್ಲ. ಸಹಿ ಮಾಡಿದ ಎರಡು ಖಾಲಿ ಚೆಕ್ ಮತ್ತು ನನ್ನ ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಇಟ್ಟುಕೊಂಡರು.

ಒಂದು ತಿಂಗಳು ಮೊದಲೇ ತಿಳಿಸಿ, ಹೊಸ ಮಾಸ್ಟರ್‌ಗೆ ಕೆಲಸ ತೋರಿಸಿಕೊಟ್ಟು ಹೊರಗೆ ಬಂದೆ. ಬೇರೆ ಯೂನಿಟ್‌ನಲ್ಲಿ ತಿಂಗಳಿಗೆ 6 ಸಾವಿರ ಜಾಸ್ತಿ ಕೊಡುತ್ತಾರೆ ಅಂತ ಸೇರಿದೆ. ಮೂರನೇ ವಾರಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ವಕೀಲರ ನೋಟಿಸ್ ಬಂತು. ಬಳ್ಳಾರಿ ಜಿಲ್ಲೆಯೊಳಗೆ 2 ವರ್ಷ ಯಾವ ಜೀನ್ಸ್ ಯೂನಿಟ್‌ನಲ್ಲೂ ಕೆಲಸ ಮಾಡಬಾರದಂತೆ. 15 ದಿನದೊಳಗೆ ಬಿಡಬೇಕು, ಇಲ್ಲಾಂದರೆ 3 ಲಕ್ಷ ಕಟ್ಟಬೇಕಂತೆ.

ನನಗೆ ಬೇರೆ ಕೆಲಸ ಬರುವುದಿಲ್ಲ. ಬಳ್ಳಾರಿ ಬಿಟ್ಟು ಜೀನ್ಸ್ ಹುಡುಕಿಕೊಂಡು ಎಲ್ಲಿಗೆ ಹೋಗಲಿ? ಮನೆಯಲ್ಲಿ ಎರಡು ದಿನದಿಂದ ಯಾರಿಗೂ ಊಟ ಸೇರುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ತುಂಗಭದ್ರಾ ದಂಡೆ
ಸಹಿ ಮಾಡಿದ ಮೇಲೆ ಮುಗೀತು ತಮ್ಮ. ಓದಿಲ್ಲ ಅಂದರೆ ಕೋರ್ಟ್ ಕೇಳುವುದಿಲ್ಲ. ಹೋಗಿ ಕೈಕಾಲು ಹಿಡಿದು ರಾಜಿ ಮಾಡಿಕೋ.

ಸಿರುಗುಪ್ಪ ವಕೀಲ
ದಂಡೆಯವರೇ, ಅವನನ್ನು ಇನ್ನೂ ಹೆದರಿಸಬೇಡಿ. ಸಹಿ ಮಾಡಿದ್ದೆಲ್ಲ ಕಾನೂನು ಆಗುವುದಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ನೋಡಿ. ಒಬ್ಬ ಮನುಷ್ಯ ನ್ಯಾಯವಾದ ಉದ್ಯೋಗ, ವ್ಯಾಪಾರ, ದಂಧೆ ಮಾಡದಂತೆ ತಡೆಯುವ ಕರಾರು ಆ ತಡೆಯುವ ಮಟ್ಟಿಗೆ ಅನೂರ್ಜಿತ ಅಂತ ಅದರಲ್ಲಿದೆ. ಅನೂರ್ಜಿತ ಅಂದರೆ ಕಾನೂನಿನ ಕಣ್ಣಲ್ಲಿ ಅದು ಇಲ್ಲವೇ ಇಲ್ಲ. ಕೆಲಸ ಬಿಟ್ಟ ಮೇಲೂ ಕೈ ಕಟ್ಟುವ ಷರತ್ತು ಇದರೊಳಗೆ ಬರುತ್ತದೆ. ಬೇರೆ ಕೆಲವು ದೇಶಗಳಲ್ಲಿ ಎಷ್ಟು ತಿಂಗಳು, ಎಷ್ಟು ದೂರ, ನ್ಯಾಯವಾಗಿದೆಯಾ ಅಂತ ಅಳೆದು ನೋಡುತ್ತಾರೆ. ನಮ್ಮಲ್ಲಿ ಕೆಲಸ ಬಿಟ್ಟ ಮೇಲಿನ ಅವಧಿಗೆ ಆ ಅಳತೆಯೇ ಇಲ್ಲ. 2 ವರ್ಷ ಅಂತ ಬರೆದರೂ ಅಷ್ಟೇ, 2 ತಿಂಗಳು ಅಂತ ಬರೆದರೂ ಅಷ್ಟೇ.

ಆದರೆ ಇಷ್ಟಕ್ಕೇ ನಿರಾಳ ಆಗಬೇಡಿ. ಮೂರು ವಿಷಯ ತಿಳಿಸಿ. ಆ ಪೇಪರಿನಲ್ಲಿ ಇಷ್ಟು ವರ್ಷ ಕೆಲಸ ಮಾಡಲೇಬೇಕು ಅಂತ ಇದೆಯಾ? ಇದ್ದರೆ ಆ ಅವಧಿ ಮುಗಿದಿದೆಯಾ? ಬರುವಾಗ ಅಲ್ಲಿಂದ ಏನಾದರೂ ತಂದಿದ್ದೀರಾ?

ತುಂಗಭದ್ರಾ ದಂಡೆ
ನಿಲ್ಲುವುದಿಲ್ಲ ಅಂದಮೇಲೆ ಇಷ್ಟು ಜನ ಮಾಲೀಕರು ಯಾಕೆ ಬರೆಸಿಕೊಳ್ಳುತ್ತಾರೆ ವಕೀಲರೇ? ಅವರಿಗೂ ವಕೀಲರು ಇರುತ್ತಾರೆ ಅಲ್ವಾ?

ಗಂಗಾವತಿ ಫಿಟ್ಟರ್
ಯಾಕೆ ಅಂತ ನಾನು ಹೇಳುತ್ತೇನೆ. ನಮ್ಮಂಥವರು ಅಂಜುತ್ತೇವೆ, ಅದಕ್ಕೆ.

ನಾನು ರೈಸ್‌ಮಿಲ್‌ಗಳಲ್ಲಿ ಸಾರ್ಟೆಕ್ಸ್, ಅಂದರೆ ಅಕ್ಕಿಯಲ್ಲಿ ಕೆಟ್ಟ ಕಾಳು ಬೇರೆ ಮಾಡುವ ಮಷಿನ್ ರಿಪೇರಿ ಮಾಡುವವನು. ಒಂದು ಸರ್ವಿಸ್ ಏಜೆನ್ಸಿಯಲ್ಲಿದ್ದೆ. ಬಿಡುವಾಗ 'ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಯಾವ ಮಿಲ್ಲಿಗೂ 1 ವರ್ಷ ಕಾಲಿಡುವ ಹಾಗಿಲ್ಲ' ಅಂತ ಪೇಪರ್ ತೋರಿಸಿದರು. ಈ ಮೂರು ಊರು ಬಿಟ್ಟರೆ ನನಗೆ ಮಿಲ್ಲು ಎಲ್ಲಿ? ನಂಬಿ ಮನೆಯಲ್ಲಿ ಕೂತೆ. ಎಂಟು ತಿಂಗಳು ಭತ್ತದ ಮೂಟೆ ಹೊತ್ತೆ. ಹೆಂಡತಿಯ ಬೆಂಡೋಲೆ ಅಡ ಇಟ್ಟೆ. ಆಮೇಲೆ ಒಬ್ಬ ಮಿಲ್ ಮಾಲೀಕರೇ ಕರೆದು 'ಏ, ಇದೆಲ್ಲ ನಡೆಯುವುದಿಲ್ಲ, ಬಂದು ಮಷಿನ್ ನೋಡು' ಅಂದರು. ಹೋದೆ. ಯಾರೂ ಏನೂ ಮಾಡಲಿಲ್ಲ. ಒಂದು ಫೋನೂ ಬರಲಿಲ್ಲ.

ಆ ಎಂಟು ತಿಂಗಳು ನನಗೆ ಯಾರು ವಾಪಸ್ ಕೊಡುತ್ತಾರೆ? ಅಂಜಿದವನ ಮೇಲೆ ಕಪ್ಪೆ ಎಸೆದ ಹಾಗೆ ಇದು.

ರಾಯಚೂರು ಬಿಸಿಲು
ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಊರು ಮಾನ್ವಿ ಹತ್ತಿರ. ನಮಗೆಲ್ಲ ಆಫರ್ ಲೆಟರ್ ಜೊತೆ ಇದು ಬಂದೇ ಬರುತ್ತದೆ. ಕ್ರಿಕೆಟರ್ ಜಹೀರ್ ಖಾನ್ ಕೇಸ್ ಗೊತ್ತಾ? ಅವರನ್ನು ನೋಡಿಕೊಳ್ಳುತ್ತಿದ್ದ ಏಜೆನ್ಸಿಯ ಕರಾರಿನಲ್ಲಿ ಒಂದು ಷರತ್ತಿತ್ತು. ಅವಧಿ ಮುಗಿದ ಮೇಲೂ ಬೇರೆಯವರ ಆಫರ್ ಬಂದರೆ ಮೊದಲು ತಮಗೇ ತೋರಿಸಬೇಕು ಅಂತ. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕರಾರು ಮುಗಿದ ಮೇಲೆ ಕಟ್ಟಿಹಾಕುವುದು 27ನೇ ಕಲಂ ಪ್ರಕಾರ ನಡೆಯುವುದಿಲ್ಲ ಅಂತು. ಅಷ್ಟು ದೊಡ್ಡ ಆಟಗಾರನಿಗೆ ಸಿಕ್ಕ ನ್ಯಾಯ ನಮ್ಮ ಪ್ಯಾಟರ್ನ್ ಮಾಸ್ಟರ್‌ಗೂ ಸಿಗಬೇಕು.

ಅಮೆರಿಕದಲ್ಲಂತೂ ಇಂಥ ಕರಾರನ್ನೇ ಪೂರ್ತಿ ನಿಷೇಧ ಮಾಡಿದ್ದಾರೆ.

ಹಟ್ಟಿ ಕ್ಯಾಂಪ್
ಕೊನೆಯ ಮಾತು ತಪ್ಪು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರ ಏಪ್ರಿಲ್‌ನಲ್ಲಿ ನಿಷೇಧದ ನಿಯಮ ತಂದಿದ್ದು ನಿಜ. ಅದು ಜಾರಿಗೆ ಬರುವ ಮೊದಲೇ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಒಂದು ಕೋರ್ಟ್ ರದ್ದು ಮಾಡಿತು. 2025ರಲ್ಲಿ ಕಮಿಷನ್ನೇ ಮೇಲ್ಮನವಿ ಕೈಬಿಟ್ಟಿತು. ಈಗ ಅಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಂತೂ ಇಂಥ ಷರತ್ತು 1872ರಿಂದಲೂ ನಡೆಯುವುದಿಲ್ಲ. ನಮ್ಮ ಕಾಯ್ದೆಯೂ ಅದೇ ವರ್ಷದ್ದು.

ರಾಯಚೂರು ಬಿಸಿಲು
ಸರಿ ಸರ್, ತಿದ್ದಿಕೊಂಡೆ. ಹಳೆಯ ಸುದ್ದಿ ಓದಿ ಬರೆದಿದ್ದೆ.

ಮುಂಡರಗಿ ಯೂನಿಟ್
ನಾನು ಮಾಲೀಕರ ಕಡೆಯವನು. ಸಣ್ಣ ಯೂನಿಟ್, 22 ಮಷಿನ್. ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಮ್ಮ ಸಂಕಟವನ್ನೂ ಕೇಳಿ.

ಹುಡುಗ ಬರುವಾಗ ಕತ್ತರಿ ಹಿಡಿಯಲೂ ಬರುವುದಿಲ್ಲ. ಎರಡು ವರ್ಷ ಕಲಿಸುತ್ತೇವೆ. ಅವನು ಕೆಡಿಸಿದ ಬಟ್ಟೆಯ ಲೆಕ್ಕ ಯಾರೂ ಕೇಳುವುದಿಲ್ಲ. ಒಂದು ಫಿಟ್ ಸರಿ ಬರಬೇಕಾದರೆ ಎಷ್ಟು ಸ್ಯಾಂಪಲ್ ಹೊಲಿದು, ವಾಷಿಂಗ್‌ಗೆ ಹಾಕಿ, ಎಷ್ಟು ಕುಗ್ಗಿತು ಅಂತ ನೋಡಿ ಮತ್ತೆ ಪ್ಯಾಟರ್ನ್ ತಿದ್ದಬೇಕು ಗೊತ್ತಾ? ಕಲಿತ ಮೇಲೆ ಪಕ್ಕದ ಬೀದಿಯ ಯೂನಿಟ್‌ನವನು 5 ಸಾವಿರ ಜಾಸ್ತಿ ಅಂತಾನೆ, ಇವನು ಹೋಗುತ್ತಾನೆ. ಹೋಗಲಿ, ಅದು ಅವನ ಹೊಟ್ಟೆಪಾಡು. ಆದರೆ ನನ್ನ ಪ್ಯಾಟರ್ನ್ ಮತ್ತು ನನ್ನ ಟ್ರೇಡರ್ ಲಿಸ್ಟ್ ಕೂಡ ಅವನ ಜೊತೆ ಹೋಗುತ್ತವೆ. ಹೋದ ವರ್ಷ ಹಾಗೇ ಆಯಿತು. ದೀಪಾವಳಿ ಸೀಸನ್‌ನಲ್ಲಿ ನನ್ನದೇ ಫಿಟ್, ನನಗಿಂತ 20 ರೂಪಾಯಿ ಕಡಿಮೆಗೆ ಮಾರ್ಕೆಟ್‌ಗೆ ಬಂತು. ಆ ಸೀಸನ್ ಪೂರ್ತಿ ನಾನು ನಷ್ಟದಲ್ಲಿ ಕೂತೆ. ನಾನೇನು ಮಾಡಬೇಕು ಹೇಳಿ.

ಗಂಗಾವತಿ ಫಿಟ್ಟರ್
ಆ 5 ಸಾವಿರ ನೀವೇ ಕೊಟ್ಟಿದ್ದರೆ ಅವನು ಯಾಕೆ ಹೋಗುತ್ತಿದ್ದ ಸಾವ್ಕಾರ್ರೇ?

ಮುಂಡರಗಿ ಯೂನಿಟ್
ಹೇಳುವುದು ಸುಲಭ. ಬಟ್ಟೆ ರೇಟು, ವಾಷಿಂಗ್ ರೇಟು, ಕರೆಂಟು, ಟ್ರೇಡರ್ ಕಡೆ ಬಾಕಿ ನಿಂತ ದುಡ್ಡು ಇವೆಲ್ಲ ನೀವು ಬಂದು ನೋಡಿ. ನಾನು ಯಾರ ಅನ್ನಕ್ಕೂ ಕಲ್ಲು ಹಾಕಿದವನಲ್ಲ. ಯಾರ ಮಾರ್ಕ್ಸ್ ಕಾರ್ಡೂ ಇಟ್ಟುಕೊಂಡಿಲ್ಲ.

ಕೊಪ್ಪಳ ಸೀಡ್ಸ್ ಅಕ್ಕ
ಮುಂಡರಗಿ ಅಣ್ಣನ ಮಾತಿನಲ್ಲೂ ಸತ್ಯ ಇದೆ. ಆದರೆ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಕಸುಬು ಬೇರೆ, ಗುಟ್ಟು ಬೇರೆ.

ನಾನು ಕುಷ್ಟಗಿ ಕಡೆ ಬೀಜೋತ್ಪಾದನೆಯ ಪ್ಲಾಟ್‌ಗಳಲ್ಲಿ ಸೂಪರ್‌ವೈಸರ್ ಆಗಿದ್ದೆ. ಮೆಣಸಿನಕಾಯಿ, ಟೊಮೆಟೊ ಕ್ರಾಸಿಂಗ್ ಮಾಡಿಸುವ ಕೆಲಸ. ಮೊಗ್ಗು ಯಾವಾಗ ಬಿಡಿಸಬೇಕು, ಗಂಡು ಹೂವಿನ ಪುಡಿ ಯಾವ ಹೊತ್ತಿನಲ್ಲಿ ಮುಟ್ಟಿಸಬೇಕು, ಹೆಣ್ಣಾಳುಗಳಿಗೆ ಹೇಗೆ ಕಲಿಸಬೇಕು, ಇದು ನನ್ನ ಕಸುಬು. ಇದನ್ನು ಯಾವ ಕಂಪನಿಗೆ ಹೋದರೂ ತಲೆಯಲ್ಲಿಟ್ಟುಕೊಂಡು ಹೋಗುತ್ತೇನೆ, ಯಾರೂ ತಡೆಯುವ ಹಾಗಿಲ್ಲ. ಆದರೆ ಯಾವ ಗಂಡು ತಳಿಗೆ ಯಾವ ಹೆಣ್ಣು ತಳಿ ಸೇರಿಸಿದರೆ ಆ ಹೈಬ್ರಿಡ್ ಬರುತ್ತದೆ ಅನ್ನುವುದು ಕಂಪನಿಯ ಗುಟ್ಟು. ಆ ಮೂಲ ತಳಿಯ ಒಂದು ಹಿಡಿ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಹೋದರೆ ಅದು ಕಳವು.

ಕಂಪನಿ ಬಿಟ್ಟಾಗ ನನಗೂ 'ಈ ತಾಲೂಕಿನಲ್ಲಿ ಬೇರೆ ಸೀಡ್ಸ್ ಕಂಪನಿಗೆ ಕೆಲಸ ಮಾಡಬಾರದು' ಅಂದರು. ನಾನು ಹೇಳಿದೆ: ನಿಮ್ಮ ತಳಿಯ ಸುದ್ದಿ ನನ್ನ ಬಾಯಿಂದ ಬರುವುದಿಲ್ಲ, ಅದಕ್ಕೆ ಎಲ್ಲಿ ಬೇಕೋ ಅಲ್ಲಿ ಸಹಿ ಹಾಕುತ್ತೇನೆ. ಕೆಲಸ ಮಾತ್ರ ನನ್ನದು, ಬಿಡುವುದಿಲ್ಲ. ಆರು ವರ್ಷ ಆಯಿತು, ಇಂದಿಗೂ ಎದುರು ಸಿಕ್ಕರೆ ಮಾತಾಡಿಸುತ್ತಾರೆ.

ಸಿರುಗುಪ್ಪ ವಕೀಲ
ಅಕ್ಕ ಹೇಳಿದ್ದೇ ಸರಿಯಾದ ಗೆರೆ. ಮುಂಡರಗಿಯವರು ಬರೆಸಿಕೊಳ್ಳಬೇಕಾದದ್ದು 'ಬೇರೆ ಕಡೆ ಕೆಲಸ ಮಾಡಬೇಡ' ಅಂತ ಅಲ್ಲ. 'ನನ್ನ ಪ್ಯಾಟರ್ನ್, ಟ್ರೇಡರ್‌ಗಳ ರೇಟು, ಲೆಕ್ಕದ ಪುಸ್ತಕ ಹೊರಗೆ ಒಯ್ಯಬೇಡ' ಅಂತ. ಇಂಥ ಷರತ್ತು ಕೆಲಸ ಬಿಟ್ಟ ಮೇಲೂ ಉಳಿಯುತ್ತದೆ. ವ್ಯಾಪಾರದ ಗುಟ್ಟಿಗೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. 2024ರಲ್ಲಿ ಕಾನೂನು ಆಯೋಗ 289ನೇ ವರದಿಯಲ್ಲಿ ಅಂಥ ಕಾಯ್ದೆ ಬೇಕು ಅಂತ ಹೇಳಿದೆ. ಅದು ಬರುವ ತನಕ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರುವುದೇ ಆಧಾರ.

ಕತ್ತರಿ ತಮ್ಮ, ನನ್ನ ಮೂರು ಪ್ರಶ್ನೆಗೆ ಉತ್ತರ ಬರಲಿಲ್ಲ.

ಸಿಂಧನೂರು ಬೇಕರಿ
ಮಧ್ಯದಲ್ಲಿ ಒಂದು ಪ್ರಶ್ನೆ. ನಾನು ಬಸ್‌ಸ್ಟ್ಯಾಂಡ್ ಹತ್ತಿರ ಇದ್ದ ನನ್ನ ಬೇಕರಿಯನ್ನು ಹೆಸರಿನ ಸಮೇತ ಮಾರಿದೆ. ಅದೇ ರಸ್ತೆಯಲ್ಲಿ 3 ವರ್ಷ ಬೇಕರಿ ಹಾಕಬಾರದು ಅಂತ ಬರೆದುಕೊಟ್ಟಿದ್ದೇನೆ. 27ನೇ ಕಲಂ ಪ್ರಕಾರ ನನ್ನದೂ ಅನೂರ್ಜಿತವೇ? ಹಾಗಾದರೆ ಈಗಲೇ ಎದುರಿಗೆ ಒಂದು ಮಳಿಗೆ ಖಾಲಿ ಇದೆ.

ಸಿರುಗುಪ್ಪ ವಕೀಲ
ಬೇಡ, ಮಳಿಗೆ ಹಿಡಿಯಬೇಡಿ. ಆ ಕಲಮಿಗೆ ಇರುವ ಒಂದು ವಿನಾಯಿತಿ ಇದೇ. ಅಂಗಡಿಯ ಗುಡ್‌ವಿಲ್, ಅಂದರೆ ಅದು ಗಳಿಸಿದ ಹೆಸರು ಮತ್ತು ಗಿರಾಕಿ, ಮಾರಿದವನು ಸುತ್ತಮುತ್ತ ಅದೇ ವ್ಯಾಪಾರ ಮಾಡುವುದಿಲ್ಲ ಅಂತ ಒಪ್ಪಿಕೊಂಡರೆ, ಜಾಗದ ಮಿತಿ ನ್ಯಾಯವಾಗಿದ್ದರೆ, ಆ ಮಾತು ನಿಲ್ಲುತ್ತದೆ. ನೀವು ಹೆಸರಿಗೂ ಸೇರಿಸಿ ದುಡ್ಡು ತಗೊಂಡಿದ್ದೀರಿ. ನೌಕರ ಏನನ್ನೂ ಮಾರಿರುವುದಿಲ್ಲ.

ಬರೀ ಪೈಪೋಟಿ ತಪ್ಪಿಸಲು ದುಡ್ಡು ಕೊಟ್ಟು ಅಂಗಡಿ ಮುಚ್ಚಿಸಿದರೆ ಅದು ಬೇರೆ. 1874ರಲ್ಲಿ ಕಲ್ಕತ್ತಾ ಹೈಕೋರ್ಟ್ ಮುಂದೆ ಹಾಗೇ ಒಂದು ಕೇಸ್ ಬಂದಿತ್ತು. ಒಬ್ಬ ವ್ಯಾಪಾರಿ ಪಕ್ಕದವನಿಗೆ 'ಅಂಗಡಿ ಮುಚ್ಚು, ನೀನು ಕೆಲಸಗಾರರಿಗೆ ಕೊಟ್ಟ 900 ರೂಪಾಯಿ ಮುಂಗಡ ನಾನು ತುಂಬುತ್ತೇನೆ' ಅಂದ. ಅವನು ಮುಚ್ಚಿದ, ಇವನು ದುಡ್ಡು ಕೊಡಲಿಲ್ಲ. ಕೋರ್ಟ್ ಆ ಕರಾರೇ ಅನೂರ್ಜಿತ ಅಂತ ಹೇಳಿತು. ಪಾಪ, ಮುಚ್ಚಿದವನಿಗೆ ಏನೂ ಸಿಗಲಿಲ್ಲ.

ಕೌಲ್‌ಬಜಾರ್ ಕತ್ತರಿ
ಕ್ಷಮಿಸಿ, ಕೆಲಸದಿಂದ ಬರುವಾಗ ತಡ ಆಯಿತು. ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿಯಿಂದ ಪೇಪರ್ ಓದಿಸಿದೆ. 'ಕರಾರಿನ ಅವಧಿ 3 ವರ್ಷ' ಅಂತ ಇದೆ. ಸೇರಿದ ದಿನಾಂಕದಿಂದ ಲೆಕ್ಕ ಹಾಕಿದರೆ 3 ವರ್ಷ 5 ತಿಂಗಳು ಮಾಡಿದ್ದೇನೆ. ಅದರ ಕೆಳಗೆ 2 ವರ್ಷ ಬೇರೆ ಕಡೆ ಸೇರಬಾರದು ಅನ್ನುವ ಸಾಲು ಇದೆ. ತಪ್ಪಿದರೆ 3 ಲಕ್ಷ.

ತಂದದ್ದು ಅಂದರೆ... ಹಾಳೆ ಏನೂ ತಂದಿಲ್ಲ. ಆದರೆ ನಾನೇ ತೆಗೆದ ಕೆಲವು ಪ್ಯಾಟರ್ನ್‌ಗಳ ಫೋಟೋ, ಅಳತೆ ಚಾರ್ಟ್ ಫೋನಿನಲ್ಲಿವೆ. ಕೆಲಸದ ನೆನಪಿಗೆ ಅಂತ ಇಟ್ಟುಕೊಂಡಿದ್ದೆ. ಹೊಸ ಯೂನಿಟ್‌ನಲ್ಲಿ ಯಾರಿಗೂ ತೋರಿಸಿಲ್ಲ, ದೇವರಾಣೆ.

ಸಿರುಗುಪ್ಪ ವಕೀಲ
3 ವರ್ಷ ಮುಗಿಸಿರುವುದು ದೊಡ್ಡ ಆಸರೆ. ಯಾಕೆ ಅಂತ ಕೇಳಿ. 1967ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಶಿಫ್ಟ್ ಸೂಪರ್‌ವೈಸರ್ ಕೇಸ್ ಬಂತು. ಟೈರಿಗೆ ಬೇಕಾದ ನೂಲು ಮಾಡುವ ಫ್ಯಾಕ್ಟರಿ. 5 ವರ್ಷದ ಕರಾರು, ತರಬೇತಿಯನ್ನೂ ಕೊಟ್ಟಿದ್ದರು. ಆತ 2 ವರ್ಷ ಆಗುವ ಮೊದಲೇ ಬಿಟ್ಟು ಅದೇ ಕೆಲಸದ ಬೇರೆ ಕಂಪನಿಗೆ ಹೋದ. ಕೋರ್ಟ್ ಆತನನ್ನು ತಡೆಯಿತು. ಕರಾರಿನ ಅವಧಿಯೊಳಗೆ ಎದುರಾಳಿಯ ಕಡೆ ಕೆಲಸ ಮಾಡಬೇಡ ಅನ್ನುವುದು ತಪ್ಪಲ್ಲ ಅಂತ ಹೇಳಿತು. ಅವಧಿಯ ಒಳಗೆ ಬೇರೆ ನ್ಯಾಯ, ಅವಧಿ ಮುಗಿದ ಮೇಲೆ ಬೇರೆ ನ್ಯಾಯ. ನೀವು ಎರಡನೆಯದರಲ್ಲಿ ಇದ್ದೀರಿ.

ಫೋನಿನ ಫೋಟೋ ಮಾತ್ರ ಸರಿಯಲ್ಲ ತಮ್ಮ. ನೀವೇ ತೆಗೆದಿದ್ದರೂ ಅವರ ಸಂಬಳದಲ್ಲಿ, ಅವರ ಟೇಬಲ್ ಮೇಲೆ ತೆಗೆದದ್ದು. ಅದು ಯೂನಿಟ್‌ನದು. ಬಳಸಬೇಡಿ, ಯಾರಿಗೂ ಕಳಿಸಬೇಡಿ. ಗಾಬರಿಯಲ್ಲಿ ಸುಮ್ನೆ ಅಳಿಸಿಬಿಡಲೂ ಬೇಡಿ. ಮೊದಲು ನಿಮ್ಮ ವಕೀಲರಿಗೆ ತೋರಿಸಿ, ಅವರು ಹೇಳಿದ ಹಾಗೆ ಮಾಡಿ.

ಇನ್ನು ನಿಜವಾದ ಅಪಾಯ ಆ 2 ವರ್ಷದ ಸಾಲಿನಲ್ಲಿ ಇಲ್ಲ, ಚೆಕ್‌ನಲ್ಲಿದೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟರೂ ಅದು ಸಾಲ ತೀರಿಸಲು ಕೊಟ್ಟದ್ದು ಅಂತಲೇ ಕೋರ್ಟ್ ಮೊದಲು ನಂಬುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಹೇಳಿದೆ. ಹಾಗಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ. ಅವರು 3 ಲಕ್ಷ ಬರೆದು ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕೇಸ್ ಆಗುತ್ತದೆ. ಅದರಲ್ಲಿ 2 ವರ್ಷದ ತನಕ ಜೈಲು, ಚೆಕ್ಕಿನ ಎರಡು ಪಟ್ಟು ದಂಡದ ತನಕ ಶಿಕ್ಷೆ ಇದೆ. ಅದಕ್ಕೆ ಈಗ ಬಂದ ನೋಟಿಸಿಗೆ ಉತ್ತರ ಕೊಡಲೇಬೇಕು. ಕೆಲಸಕ್ಕೆ ಸೇರುವ ದಿನ ಭದ್ರತೆಗೆ ಅಂತ ಈ ನಂಬರಿನ ಎರಡು ಖಾಲಿ ಚೆಕ್ ಪಡೆದಿದ್ದಾರೆ, ನಾನು ಯಾವ ಸಾಲವನ್ನೂ ಪಡೆದಿಲ್ಲ, ವಾಪಸ್ ಕೊಡಿ ಅಂತ ಅದರಲ್ಲಿ ಬರೆಯಿಸಿ. ಬ್ಯಾಂಕಿಗೂ ಬರೆದುಕೊಟ್ಟು ಮೊಹರು ಹಾಕಿಸಿಕೊಳ್ಳಿ.

ತುಂಗಭದ್ರಾ ದಂಡೆ
ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಮಾಡಿಸಿದರೆ ಕೇಸೇ ಆಗುವುದಿಲ್ಲ ಅಲ್ವಾ?

ಸಿರುಗುಪ್ಪ ವಕೀಲ
ಆಗುತ್ತದೆ. ಸ್ಟಾಪ್ ಪೇಮೆಂಟ್ ಮಾಡಿಸಿದ ಚೆಕ್ಕಿಗೂ 138 ಹಾಕುತ್ತಾರೆ. ಸಾಲವೇ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ಉಳಿಯುತ್ತೀರಿ. ಚೆಕ್ ಬೌನ್ಸ್ ಆಗಿ ಅದರ ನೋಟಿಸ್ ಬಂದರೆ ಕೈಯಲ್ಲಿ 15 ದಿನ ಮಾತ್ರ ಇರುತ್ತದೆ. ಪೋಸ್ಟ್‌ಮನ್ ತಂದದ್ದನ್ನು ತಗೊಳ್ಳದೆ ವಾಪಸ್ ಕಳಿಸುವವರಿದ್ದಾರೆ. ಹಾಗೆ ಮಾಡಿದರೂ ನೋಟಿಸ್ ಮುಟ್ಟಿದ ಲೆಕ್ಕವೇ.

ದೇವದುರ್ಗ ಮೇಷ್ಟ್ರು
ಮಾರ್ಕ್ಸ್ ಕಾರ್ಡ್ ವಿಷಯ ಯಾರೂ ಮುಟ್ಟಲಿಲ್ಲ. ರಾಯಚೂರಿನಲ್ಲಿ ನಾನಿದ್ದ ಖಾಸಗಿ ಸಂಸ್ಥೆಯೂ ನನ್ನ ಬಿ.ಎಡ್ ಒರಿಜಿನಲ್‌ಗಳನ್ನು ಇಟ್ಟುಕೊಂಡಿತ್ತು. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಕೊಡಲಿಲ್ಲ. ವರ್ಷದ ಮಧ್ಯೆ ಬಿಟ್ಟರೆ ಮೂರು ತಿಂಗಳ ಸಂಬಳ ಕಟ್ಟು ಅಂದರು. ಕಣ್ಣೀರು ಹಾಕಿಕೊಂಡು ಓಡಾಡಿದೆ. ಕೊನೆಗೆ ಲಿಖಿತವಾಗಿ ಅರ್ಜಿ ಕೊಟ್ಟು, ಮರುದಿನವೇ ಪೊಲೀಸ್ ಠಾಣೆಗೆ ದೂರು ಕೊಡುತ್ತೇನೆ ಅಂದಮೇಲೆ ಜವಾನನ ಕೈಯಲ್ಲಿ ಕಳಿಸಿದರು.

ನನ್ನ ಓದಿನ ಕಾಗದ ಅದು. ಅಪ್ಪ ಎತ್ತು ಮಾರಿ ಓದಿಸಿದ್ದು. ಅದನ್ನು ಒತ್ತೆ ಇಟ್ಟುಕೊಳ್ಳಲು ಯಾರಿಗೂ ಹಕ್ಕಿಲ್ಲ. ಈಗ ಸೇರುವ ಮಕ್ಕಳಿಗೆ ನಾನು ಹೇಳುವುದಿಷ್ಟೇ: ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ಚೀಲಕ್ಕೆ ಹಾಕಿಕೊಂಡು ಬನ್ನಿ.

ರಾಯಚೂರು ಬಿಸಿಲು
ಮೇಷ್ಟ್ರೇ, ಆ ಮೂರು ತಿಂಗಳ ಸಂಬಳದ ಥರ ಬಾಂಡ್ ನಡೆಯುತ್ತದಾ? 2025ರಲ್ಲಿ ವಿಜಯಾ ಬ್ಯಾಂಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ಹೇಳಿತು ಅಂತ ಓದಿದೆ.

ಹಟ್ಟಿ ಕ್ಯಾಂಪ್
ಹೌದು, ಅದು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ಕೇಸ್. 3 ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕು ಅಂತ ಷರತ್ತಿತ್ತು. ಒಬ್ಬ ಅಧಿಕಾರಿ ಮೊದಲೇ ಬಿಟ್ಟು ಬೇರೆ ಬ್ಯಾಂಕ್ ಸೇರಿದರು. ಹೈಕೋರ್ಟ್ ಅವರ ಪರ ಹೇಳಿತ್ತು, ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ಆದರೆ ಅಲ್ಲಿ ಬೇರೆ ಕಡೆ ಕೆಲಸ ಮಾಡಬೇಡ ಅಂತ ಯಾರೂ ತಡೆದಿರಲಿಲ್ಲ. ಬೇಗ ಬಿಟ್ಟರೆ ನೇಮಕಾತಿಯ ಖರ್ಚಿಗೆ ಇಷ್ಟು ಕೊಡು ಅನ್ನುವುದು ಅಷ್ಟೇ. ಇದನ್ನು ಹಿಡಿದುಕೊಂಡು ಕತ್ತರಿಯವರನ್ನು ಹೆದರಿಸಲು ಬರುವುದಿಲ್ಲ.

ಸಿರುಗುಪ್ಪ ವಕೀಲ
ಸರಿಯಾಗಿ ಹೇಳಿದಿರಿ. ಬಾಂಡಿನಲ್ಲಿ ಎಷ್ಟು ಬರೆದಿದ್ದರೂ ಅಷ್ಟೂ ಸಿಗುವುದಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು.

ಕೊಪ್ಪಳ ಸೀಡ್ಸ್ ಅಕ್ಕ
ಕತ್ತರಿ ತಮ್ಮ, ವಕೀಲರ ಫೀಸಿಗೆ ಕಷ್ಟ ಇದ್ದರೆ ಬಳ್ಳಾರಿ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಅಲ್ಲಿಗೆ ಹೋಗು. ಹೆಂಗಸರು, ಎಸ್‌ಸಿ, ಎಸ್‌ಟಿ, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ವಕೀಲರನ್ನು ಬಿಟ್ಟಿಯಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನನ್ನ ತಂಗಿಯ ಜೀವನಾಂಶದ ಕೇಸ್ ಅಲ್ಲಿಂದಲೇ ಆಯಿತು.

ಮುಂಡರಗಿ ಯೂನಿಟ್
ತಮ್ಮ, ನಿನ್ನ ಹಳೆಯ ಮಾಲೀಕರು ಯಾರು ಅಂತ ನಾನು ಕೇಳುವುದಿಲ್ಲ. ಫೋಟೋ ಇದೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡೆಯಲ್ಲ, ಅದಕ್ಕೆ ನನಗೆ ನಿನ್ನ ಮೇಲೆ ನಂಬಿಕೆ ಬಂತು. ಉತ್ತರ ಕಳಿಸುವಾಗ ಪ್ಯಾಟರ್ನ್ ಬಳಸುವುದಿಲ್ಲ ಅಂತ ಒಂದು ಮಾತು ಸೇರಿಸು. ನಾನು ಅವರ ಜಾಗದಲ್ಲಿದ್ದರೆ ಅದೊಂದು ಮಾತಿಗೆ ಅರ್ಧ ಸಿಟ್ಟು ಇಳಿಯುತ್ತಿತ್ತು. ನನ್ನ ಹಳೆಯ ಬಾಂಡ್ ಪೇಪರನ್ನೂ ತಿದ್ದಿಸುತ್ತೇನೆ. ವಕೀಲರೇ, ಕನ್ನಡದಲ್ಲೇ ಬರೆದುಕೊಡುತ್ತೀರಾ?

ಸಿರುಗುಪ್ಪ ವಕೀಲ
ಖಂಡಿತ. ಕನ್ನಡದಲ್ಲಿ ಬರೆದರೆ ಸಹಿ ಮಾಡುವವನಿಗೂ ಗೊತ್ತಾಗುತ್ತದೆ, ನಾಳೆ ಜಗಳವೂ ಕಡಿಮೆ.

ಗಂಗಾವತಿ ಫಿಟ್ಟರ್
ಸಾವ್ಕಾರ್ರೇ, ನಾನು ಮೊದಲು ಒರಟಾಗಿ ಮಾತಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕೌಲ್‌ಬಜಾರ್ ಕತ್ತರಿ
ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಪ್ರಾಧಿಕಾರದಲ್ಲಿ ಒಬ್ಬ ವಕೀಲ ಮೇಡಂ ಅವರನ್ನು ಕೊಟ್ಟರು. ಫೋಟೋಗಳನ್ನು ಅವರಿಗೆ ತೋರಿಸಿದೆ. ಉತ್ತರದಲ್ಲಿ ಅದನ್ನೂ ಬರೆದು, ಬಳಸುವುದಿಲ್ಲ ಅಂತ ಸೇರಿಸಿದರು. 27ನೇ ಕಲಂ, ಚೆಕ್ ನಂಬರ್, ಮಾರ್ಕ್ಸ್ ಕಾರ್ಡ್ ಎಲ್ಲ ಇದೆ. ರಿಜಿಸ್ಟರ್ ಪೋಸ್ಟಿನಲ್ಲಿ ಹೋಯಿತು. ಬ್ಯಾಂಕಿಗೆ ಪತ್ರ ಕೊಟ್ಟು ಮೊಹರು ಹಾಕಿಸಿಕೊಂಡೆ.

ನಿನ್ನೆ ಹಳೆಯ ಯೂನಿಟ್‌ನ ಮ್ಯಾನೇಜರ್ ಫೋನ್ ಮಾಡಿ ಮಾರ್ಕ್ಸ್ ಕಾರ್ಡ್ ಬಂದು ತಗೊಂಡು ಹೋಗು ಅಂದರು. ಹೋಗಿ ತಂದೆ. ಮೂಲೆ ಸ್ವಲ್ಪ ಹರಿದಿದೆ, ಇರಲಿ. ಚೆಕ್ ಕೇಳಿದೆ, ಮಾಲೀಕರು ಊರಿಂದ ಬರಲಿ ಅಂದರು. ಹೊಸ ಯೂನಿಟ್‌ನಲ್ಲಿ ಕೆಲಸ ಬಿಟ್ಟಿಲ್ಲ, ಇವತ್ತೂ ಹೋಗಿ ಬಂದೆ.

ಸಿರುಗುಪ್ಪ ವಕೀಲ
ಒಳ್ಳೆಯದು. ಚೆಕ್ ಕೈಗೆ ಬರುವ ತನಕ ಮೇಡಂ ಸಂಪರ್ಕದಲ್ಲೇ ಇರಿ. ಕೊಟ್ಟಾಗ ಎರಡೂ ನಂಬರ್ ತಾಳೆ ನೋಡಿ, ಅಲ್ಲೇ ಹರಿಯಿರಿ.